ಹೊಸ ಟ್ಯಾಂಕಿಗೆ ಒಂದು ಮಗ್ ಹೆಪ್ಪು

ಇಸವಿ ೨೦೦೭ ಇರಬೇಕು. ಇಂದಿನ ಛತ್ರಪತಿ ಸಂಭಾಜಿನಗರ ಆಗ ಔರಂಗಾಬಾದ್. ಅಲ್ಲಿನ ವಾಳೂಜ್‌ನ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ವಾಹನಗಳ ಬೋಲ್ಟು, ಬ್ರಾಕೆಟ್ಟುಗಳಿಗೆ ಸತುವಿನ ಲೇಪ ಕೊಟ್ಟು, ತುಕ್ಕು ಹಿಡಿಯದಂತೆ ಕ್ರೋಮಿಯಂ ದ್ರಾವಣದಲ್ಲಿ ಅದ್ದಿ ತೆಗೆಯುವುದು ನಮ್ಮ ಕೆಲಸ. ಮಾಲು ಹಳದಿಯಾಗಿ, ನೀರಿನ ಮೇಲೆ ಎಣ್ಣೆ ಹರಡಿದಂತೆ ಹೊಳೆಯುತ್ತಿತ್ತು. ಆ ಹೊಳಪಿನಲ್ಲಿದ್ದದ್ದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ವಿಷ. ಯುರೋಪಿನ ನಿಯಮ ಅದನ್ನು ವಾಹನಗಳಿಂದ ಹೊರಹಾಕಿತು. ಅಲ್ಲಿಗೆ ಮಾಲು ಕಳಿಸುತ್ತಿದ್ದ ನಾಸಿಕ್‌ನ ನಮ್ಮ ಗ್ರಾಹಕರು, ಅಷ್ಟು ಅಪಾಯವಿಲ್ಲದ ಟ್ರೈವೇಲೆಂಟ್ ಕ್ರೋಮಿಯಂ ಬಳಸಿ ಎಂದರು. ಅವರ ಮಾಲಿಗೆಂದು ಹಳೆಯ ಟ್ಯಾಂಕಿನ ಪಕ್ಕದಲ್ಲೇ ಹೊಸದೊಂದನ್ನು ತುಂಬಿದೆವು.

ಲೈನಿನ ಫೋರ್‌ಮನ್ ಅಥಣಿ ಕಡೆಯ ಶಿವಪ್ಪ ಕಾಕಾ. ನನ್ನನ್ನು ಬಾಯಾರ, ಅಂದರೆ ಮೇಡಂ, ಎಂದು ಕರೆಯುತ್ತಿದ್ದರು. ಹೊಸ ಮಾಲಿನ ತಿಳಿನೀಲಿ ನೋಡಿ ಮುಖ ಸಿಂಡರಿಸಿದರು.

"ಬಾಯಾರ, ಇದಕ್ಕ ಕಳಾನ ಇಲ್ಲರಿ. ಜ್ವರ ಬಂದೆದ್ದವರ ಮಾರಿ ಆಗೇತಿ."

"ಮೊದಲ ನಿಮ್ಮ ಬೆರಳು ನೋಡ್ಕೋರಿ ಕಾಕಾ," ಎಂದೆ. ಹಳೆಯ ದ್ರಾವಣ ಅವರ ಬೆರಳ ಸಂದುಗಳಲ್ಲಿ ಮಾಯದ ಹುಣ್ಣು ಕೊರೆದಿತ್ತು.

ಪರೀಕ್ಷೆ ಸರಳ. ಮಾಲನ್ನು ನೀರಿನಲ್ಲಿ ಕುದಿಸಿ, ಆ ನೀರಿಗೆ ಒಂದು ರಾಸಾಯನಿಕ ಹಾಕಬೇಕು. ಗುಲಾಬಿಗೆ ತಿರುಗಿದರೆ ಹೆಕ್ಸಾವೇಲೆಂಟ್ ಉಳಿದಿದೆ ಎಂದರ್ಥ. ನಮ್ಮ ಮೊದಲ ಸ್ಯಾಂಪಲ್ ನಾಸಿಕ್‌ನಲ್ಲಿ ಗುಲಾಬಿಯಾಯಿತು. ಟ್ಯಾಂಕ್ ಖಾಲಿ ಮಾಡಿ, ತೊಳೆದು, ಹೊಸ ದ್ರಾವಣ ತುಂಬಿದೆವು. ಕಳಿಸುವ ಮೊದಲು ನಾನೇ ನೋಡಿದೆ. ಮತ್ತಷ್ಟು ಗಾಢ ಗುಲಾಬಿ.

ಮ್ಯಾನೇಜರ್ ದೇಶಮುಖ್ ಮರಾಠಿಯಲ್ಲಿ, "ಆತಾ ಫೇಲ್ ಝಾಲಂ ತರ ಲೈನ್ ಬಂದ್," ಎಂದರು. ಇನ್ನೊಮ್ಮೆ ಫೇಲಾದರೆ ಕೆಲಸವೆಲ್ಲ ಪುಣೆಯ ಗುತ್ತಿಗೆದಾರನಿಗೆ. ಶಿವಪ್ಪ ಕಾಕಾ ಮತ್ತು ಅವರ ಹುಡುಗರು ಮನೆಗೆ.

ನೀರು, ಡ್ರಮ್ಮು, ಮಾಲು ತೂಗುಹಾಕುವ ಹ್ಯಾಂಗರು, ಎಲ್ಲ ಪರೀಕ್ಷಿಸಿದೆ. ಎಲ್ಲವೂ ಶುದ್ಧ. ಮುಂದಿನದು ನಡೆದದ್ದು ಊಟದ ಹೊತ್ತಿನಲ್ಲಿ, ಕಾಕಾನ ಕೈಯಲ್ಲಿ ಮೊಸರಿನ ಡಬ್ಬಿ ಇತ್ತು ಎಂದು ನನ್ನ ನೆನಪು ಹೇಳುತ್ತದೆ. ಪೂರ್ತಿ ನಂಬಬೇಡಿ, ಆ ಡಬ್ಬಿಯನ್ನು ನಾನೇ ಆಮೇಲೆ ಅವರ ಕೈಗೆ ಕೊಟ್ಟಿರಬಹುದು. ಮಾತು ಮಾತ್ರ ಅವರದೇ.

"ಈ ಟ್ಯಾಂಕ್ ಯಾಕ ಹದಕ್ಕ ಬರವಲ್ದೋ ಏನೋ. ಈ ಸಲ ಎರಡು ಮಗ್ ಹೆಪ್ಪ ಹಾಕೇನಲ್ಲರಿ."

"ಹೆಪ್ಪ? ಯಾವ ಹೆಪ್ಪ ಕಾಕಾ?"

"ಬಾಜೂಕಿನ ಹಳೇ ಟ್ಯಾಂಕಿಂದು. ಪಾಪ, ಹೊಸಾ ನೀರು, ಅದಕ್ಕೇನ್ ಗೊತ್ತಿರ್ತದ?"

ಹಳದಿ ದ್ರಾವಣ ಹೊಸದಿದ್ದಾಗ ಬಣ್ಣ ಸಮನಾಗಿ ಕೂರುವುದಿಲ್ಲ. ಹಳೆಯದನ್ನು ಸ್ವಲ್ಪ ಬೆರೆಸಿದರೆ ಕೂರುತ್ತದೆ. ಹೀಗೇ ಅವರು ಆಯುಷ್ಯವಿಡೀ ಟ್ಯಾಂಕುಗಳನ್ನು ಸಾಕಿದ್ದರು. ಹೊರಗಟ್ಟಿದ ವಿಷವನ್ನು ಅದೇ ಅಕ್ಕರೆಯಿಂದ ಮಗ್ಗಿನಲ್ಲಿ ಹೊತ್ತು ತಂದು ಒಳಗೆ ಸುರಿದಿದ್ದರು. ನನಗೆ ನಗು ಬಂತು. ವಿಷಯ ತಿಳಿದ ಕಾಕಾ ನಗಲಿಲ್ಲ. ನೇರ ಮ್ಯಾನೇಜರ್ ಕೋಣೆಗೆ ಹೋಗಿ, "ಸಾಹೇಬ, ಮೀಚ್ ಟಾಕಲಂ," ನಾನೇ ಹಾಕಿದ್ದು, ಎಂದು ತಲೆತಗ್ಗಿಸಿ ನಿಂತರು.

ದೇಶಮುಖ್ ಟ್ರೇನಿಯಾಗಿ ಸೇರಿದಾಗ ಕೆಲಸ ಕಲಿತದ್ದು ಇದೇ ಲೈನಿನಲ್ಲಿ. ಕುರ್ಚಿಯಿಂದೆದ್ದು ಬಂದು ಮರಾಠಿಯಲ್ಲೇ, "ಕಾಕಾ, ನನ್ನ ಕೈಯಲ್ಲೂ ಮೊದಲ ದಿನ ಆ ಮಗ್ ಕೊಟ್ಟಿದ್ದು ನೀವೇ," ಎಂದರು.

ಮತ್ತೆ ತೊಳೆದು, ತುಂಬಿ, ಹೆಪ್ಪಿಲ್ಲದೆ ಅದ್ದಿದೆವು. ಪರೀಕ್ಷೆಯ ಬೀಕರಿನ ಮುಂದೆ ಕಾಕಾ ಬಗ್ಗಿ ನೋಡುತ್ತ ನಿಂತಿದ್ದರು. ನೀರು ತಿಳಿಯಾಗಿಯೇ ಉಳಿಯಿತು.

"ಏನೂ ಆಗಲಿಲ್ಲಲ್ಲರಿ?"

"ಏನೂ ಆಗಬಾರದು ಕಾಕಾ. ಪಾಸಾತು."

"ಏನೂ ಆಗದ ಪಾಸಾಗೂ ಪರೀಕ್ಷಾ ಇದೊಂದ ನೋಡ್ರಿ," ಎಂದು ಕಣ್ಣೊರೆಸಿಕೊಂಡರು. ನಾಸಿಕ್‌ನಿಂದಲೂ ಒಪ್ಪಿಗೆ ಬಂತು. ಲೈನ್ ಉಳಿಯಿತು.

ದ್ರಾವಣ ಬದಲಿಸುವುದು ಸುಲಭ. ಅದಕ್ಕೂ ಮೊದಲು, ಹಳೆಯದನ್ನು ಇವರು ಹೇಗೆ ಸಾಕುತ್ತಿದ್ದರು ಎಂದು ಕೂತು ಕೇಳಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಮುಂದೆ ಎರಡನೆಯ ಟ್ರೈವೇಲೆಂಟ್ ಟ್ಯಾಂಕ್ ತುಂಬಿದ ದಿನ, ಕಾಕಾ ಮಗ್ ಹಿಡಿದು ನನ್ನ ಮುಂದೆ ನಿಂತರು.

"ಇದು ಮೊದಲ್ನೇ ಹೊಸಾ ಟ್ಯಾಂಕಿನ ಹೆಪ್ಪರಿ ಬಾಯಾರ. ಹಾಕ್ಲ್ಯಾ?"

ಅದರ ಅಗತ್ಯವೇನೂ ಇರಲಿಲ್ಲ.

"ಹಾಕ್ರಿ ಕಾಕಾ," ಎಂದೆ.