ಬ್ರೇಕ್ ಗಟ್ಟಿ ಐತೆ

ಮಾವನ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಎಂದೋ ಲಾರಿಯ ಆಕ್ಸಲ್ ಬಿದ್ದು ಚಪ್ಪಟೆಯಾಗಿದ್ದ ಆ ಬೆರಳನ್ನು ಕಂಡರೆ ನಮಗೆಲ್ಲ ಹೇಸಿಗೆ, ಅವನಿಗೆ ಮಾತ್ರ ಹೆಮ್ಮೆ. ಕಾರು ಓಡಿಸುವಾಗ ತೆಳು ಅಡಿಯ ಕ್ಯಾನ್ವಾಸ್ ಶೂ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. "ಬ್ರೇಕ್ ಎಂಗೈತೆ ಅಂತ ಕಾಲಿಗೆ ಗೊತ್ತಾಗ್ಬೇಕು ಅಮ್ಮಣ್ಣಿ, ಕಣ್ಣಿಗಲ್ಲ" ಎನ್ನುತ್ತಿದ್ದ.

ಅವನು ನನ್ನ ತಾಯಿಯ ತಮ್ಮ. ಪೆನ್ನಾಗರಂ ಕಡೆಯ ಕುರಿ ಸಾಕುವ ಮನೆಯಿಂದ ಬಂದು ಸೇಲಂನಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ ಇಟ್ಟಿದ್ದ. ಆ ಶೆಡ್ಡಿನ ಹಿಂಭಾಗದಲ್ಲೇ ಒಂದು ರೇಸ್ ಕಾರನ್ನೂ ಕಟ್ಟಿದ. ಯಾವ ಕಂಪನಿಯ ಬೆಂಬಲವೂ ಇಲ್ಲ. ಬಣ್ಣ ಕೂಡ ಲಾರಿಗೆ ಬಳಿದು ಉಳಿದ ಹಳದಿ. ಒಂದೇ ಕಾರನ್ನು ಇಬ್ಬರು ಸರದಿಯ ಮೇಲೆ ಗಂಟೆಗಟ್ಟಲೆ ಓಡಿಸುವ ಎಂಡ್ಯೂರೆನ್ಸ್ ರೇಸುಗಳಿಗೆ ಅದನ್ನು ಲಾರಿಯ ಮೇಲೆ ಹೇರಿಕೊಂಡು ಚೆನ್ನೈಗೆ, ಕೊಯಮತ್ತೂರಿಗೆ ಹೋಗುತ್ತಿದ್ದೆವು. ತಂಡವೆಂದರೆ ಮಾವ, ಶೆಡ್ಡಿನ ವೆಲ್ಡರ್ ಮತ್ತು ನಾನು, ಅಷ್ಟೆ.

ಹೆಣ್ಣುಹುಡುಗಿಯನ್ನು ಯಾಕೆ ಕೂರಿಸುತ್ತೀಯ ಎಂದು ಕೇಳದವರಿಲ್ಲ. "ಅವಳ ಕಾಲು ಮೆತ್ತಗೈತೆ, ಗಾಡಿ ಉಳೀತೈತೆ" ಎಂದು ಬಾಯಿ ಮುಚ್ಚಿಸುತ್ತಿದ್ದ. ಬರೀ ಮಾತಲ್ಲ. ಸೇಲಂನಿಂದ ಊರಿಗೆ ಹೋಗುವಾಗ ನಾನು ಸ್ಟಿಯರಿಂಗ್ ಹಿಡಿದರೆ, ತೊಪ್ಪೂರು ಘಾಟ್ ಬರುವ ಮೊದಲೇ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟವರು ನನ್ನ ಜೀವನದಲ್ಲಿ ಬೇರೆ ಯಾರೂ ಇಲ್ಲ. ಅದಕ್ಕೇ ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲ ರೇಸಿನಲ್ಲಿ ಎಲ್ಲರಿಗಿಂತ ಹಿಂದೆ ಬಂದೆವು. ಆದರೂ ದೊಡ್ಡ ತಂಡಗಳ ಎರಡು ಕಾರು ಹೊಗೆ ಉಗುಳಿ ನಿಂತಿದ್ದವು, ನಮ್ಮದು ನಿಂತಿರಲಿಲ್ಲ. ಗೆದ್ದವರ ಹಾಗೆ ದಾರಿಯುದ್ದಕ್ಕೂ ಬಿರಿಯಾನಿ ತಿಂದುಕೊಂಡು ಮನೆಗೆ ಬಂದೆವು. ಆಮೇಲಾಮೇಲೆ ಹಳದಿ ಕಾರು ಬಂತೆಂದರೆ ಜನ ತಿರುಗಿ ನೋಡುವಂತಾಯಿತು.

ಇಂಥ ರೇಸಿನಲ್ಲಿ ಮುಖ್ಯವಾದದ್ದು ಕಾರು ಕೈ ಬದಲಾಗುವ ಹೊತ್ತು. ಇಳಿದವರು ಬಗ್ಗಿ, ಕೂತವರ ಬೆಲ್ಟ್ ಬಿಗಿದು, ಕಾರು ಹೇಗಿದೆ ಎಂದು ಕಿವಿಯಲ್ಲಿ ಹೇಳಿ ಹೋಗಬೇಕು. ಮೂರನೇ ಗೇರು ಕಚ್ಚುತ್ತದೆ, ಎಡಗಡೆ ಟೈರು ಸವೆದಿದೆ, ಹೀಗೆ. ಆ ಗದ್ದಲದಲ್ಲಿ ಅದು ಮೂರನೆಯವರಿಗೆ ಕೇಳಿಸುವುದಿಲ್ಲ. ಮಾವ ಇದನ್ನು ನನಗೆ ಮಗ್ಗಿ ಕಲಿಸಿದಂತೆ ಕಲಿಸಿದ್ದ. "ಗಾಡಿ ಕೆಡ್ಸಿದ್ರೂ ಪರ್ವಾಗಿಲ್ಲ ಅಮ್ಮಣ್ಣಿ. ಸುಳ್ಳೇಳಿ ಮಾತ್ರ ಕೊಡ್ಬೇಡ. ಒಳಗೆ ಕೂರೋದು ಒಂದು ಜೀವ."

ನಮ್ಮ ಕೊನೆಯ ರೇಸ್ ಕೊಯಮತ್ತೂರಿನಲ್ಲಿ. ಅಂದು ದೊಡ್ಡ ತಂಡವೊಂದರ ಸಾಹುಕಾರ ನಮ್ಮ ಶಾಮಿಯಾನದಲ್ಲೇ ಬಂದು ಕೂತಿದ್ದ. ಅವನಿಗೊಬ್ಬ ಡ್ರೈವರ್ ಬೇಕಾಗಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಬ್ರೇಕ್ ಉಳಿಸು ಎಂದು ನನ್ನ ತಲೆ ತಿನ್ನುತ್ತಿದ್ದ ಮಾವ ಅವತ್ತು ಮೈಮೇಲೆ ಬಂದವನ ಹಾಗೆ ಓಡಿಸಿದ. ಒಂದೊಂದೇ ಕಾರನ್ನು ಹಿಂದೆ ಹಾಕಿ ಮೂರನೆಯವನಾಗಿ, ಕಾರು ನನಗೆ ಕೊಡಲು ಒಳಗೆ ಬಂದ. ನಾನೂ ಚಪ್ಪಾಳೆ ತಟ್ಟಿದೆ, ಪೆದ್ದಿ. ಅವನು ಇಳಿದ, ನಾನು ಕೂತೆ. ಬೆಲ್ಟ್ ಬಿಗಿದು, ಹೆಲ್ಮೆಟ್ಟಿಗೆ ಬಾಯಿ ತಂದು ಹೇಳಿದ:

"ಬ್ರೇಕ್ ಗಟ್ಟಿ ಐತೆ. ಓಗು."

ನೇರ ದಾರಿ ಮುಗಿಯುವಲ್ಲಿ ಕಾಲು ಒತ್ತಿದೆ. ಪೆಡಲ್ ನೆಲ ಮುಟ್ಟಿತು. ಬ್ರೇಕೇ ಇರಲಿಲ್ಲ. ತಿರುವಿನಾಚೆ ಹಾಸಿದ್ದ ಜಲ್ಲಿ ದಾಟಿ ಟೈರುಗಳ ಗೋಡೆಗೆ ಗುದ್ದಿದೆ. ಹೆಗಲ ಮೂಳೆ ಮುರಿಯಿತು, ಕಾರು ತಿರುಚಿಕೊಂಡಿತು.

ಚಿಕಿತ್ಸೆಯ ಕೋಣೆಯಲ್ಲಿ ಮಲಗಿದ್ದಾಗ ಪರದೆಯ ಆಚೆ ಮಾವ ಸಾಹುಕಾರನಿಗೆ ತಮಿಳಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. "ಪಾವಂ, ಚಿನ್ನ ಪೊಣ್ಣು. ಬ್ರೇಕ್ ಲೇಟಾ ಪೋಟ್ಟುಟ್ಟಾ." ಪಾಪ, ಚಿಕ್ಕ ಹುಡುಗಿ, ಬ್ರೇಕ್ ತಡವಾಗಿ ಹಾಕಿಬಿಟ್ಟಳಂತೆ! ಸಾಹುಕಾರ ನಕ್ಕ. ತಾನೇ ಬ್ರೇಕ್ ಹಾಳುಮಾಡಿದೆ ಎಂದು ಅವನೆದುರು ಒಪ್ಪಿಕೊಳ್ಳಲಾರದೆ ನನ್ನನ್ನು ಆ ಗೋಡೆಗೆ ಕಳಿಸಿದ್ದ ನನ್ನ ಮಾವ.

ಹೆಣ್ಣು ಓಡಿಸಿ ಕೆಡಿಸಿದಳು ಎಂದರೆ ನಂಬುವುದಕ್ಕೆ ಯಾರಿಗೆ ಕಷ್ಟ? ಚಕ್ರ ಬಿಚ್ಚಿ, ಬ್ರೇಕ್ ಸವೆದು ಸುಟ್ಟುಹೋಗಿದ್ದನ್ನು ಕಂಡ ವೆಲ್ಡರ್ ನನ್ನ ಮುಖ ನೋಡಿ ತಲೆ ತಗ್ಗಿಸಿದ. ಅವನ ಅನ್ನ ಆ ಶೆಡ್ಡಿನಲ್ಲೇ ಇತ್ತು. ಅಮ್ಮನಿಗೆ ಹೇಳಿದರೆ, "ನನ್ ತಮ್ಮ ಅಂಗ್ ಮಾಡ್ತಾನೇನೇ? ಬಾಯ್ ಮುಚ್ಕೊ" ಎಂದಳು. ಮುಂದಿನ ವರ್ಷ ಮಾವ ಸಾಹುಕಾರನ ಕಾರು ಓಡಿಸಿದ. ನಮ್ಮ ಹಳದಿ ಕಾರು ಗುಜರಿಗೆ ಹೋಯಿತು. ನನ್ನನ್ನು ಮತ್ತೆ ಯಾರೂ ಕರೆಯಲಿಲ್ಲ. ಈಗ ಧರ್ಮಪುರಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಕಲಿಸುವುದೆಲ್ಲ ಅವನು ಕಲಿಸಿದ್ದೇ, ಬೇರೇನೂ ನನಗೆ ಗೊತ್ತಿಲ್ಲ.

ಹೋದ ವರ್ಷ ಸೇಲಂ ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಅವನನ್ನು ಊರಿಗೆ ಕಳಿಸಿದರು. ಹೊಗೆನಕಲ್‌ನಲ್ಲಿ ಕೂತು ಹುರಿದ ಮೀನು ತಿನ್ನಬೇಕು ಎಂದು ಹಟ ಹಿಡಿದ. ಅಮ್ಮ ಕಣ್ಣೀರು ಹಾಕಿದಳು, ನಾನೇ ಕರೆದುಕೊಂಡು ಹೋದೆ. ಒಂದೇ ಒಂದು ಮಾತು ಹೇಳಲಿ, ಸಾಕು ಎಂದು ಕಾಯುತ್ತಾ ಓಡಿಸುತ್ತಿದ್ದೆ. ಪೆನ್ನಾಗರಂ ದಾಟಿ ಇಳಿಜಾರಿನ ತಿರುವುಗಳು ಶುರುವಾದವು. ಮಾವನಿಗೆ ನಿದ್ದೆ ಬಂದಿರಲಿಲ್ಲ.

"ಬ್ರೇಕ್ ಎಂಗೈತೆ ಅಮ್ಮಣ್ಣಿ?"

"ಗಟ್ಟಿ ಐತೆ ಮಾಮ."

ನಿಜವನ್ನೇ ಹೇಳಿದ್ದೆ, ಆ ವಾರವಷ್ಟೇ ಹೊಸದು ಹಾಕಿಸಿದ್ದೆ. ಅವನು ನನ್ನ ಮುಖ ನೋಡಿದ. ಎರಡೂ ಕೈಯಲ್ಲಿ ಬಾಗಿಲ ಹಿಡಿ ಹಿಡಿದುಕೊಂಡ. ಒಂದೊಂದು ತಿರುವಿಗೂ ಆ ಉಗುರಿಲ್ಲದ ಹೆಬ್ಬೆರಳು, ಬ್ರೇಕೇ ಇಲ್ಲದ ಕಡೆ, ಕಾರಿನ ನೆಲವನ್ನು ಒತ್ತುತ್ತಿತ್ತು. ಹೊಳೆ ಕಾಣುವವರೆಗೂ ಒತ್ತಿತು.

ಕೆಲವೇ ದಿನಗಳಲ್ಲಿ ಹೋಗಿಬಿಟ್ಟ. ಹೆಣದ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುವಾಗ ಆ ಚಪ್ಪಟೆ ಬೆರಳಿನಿಂದ ದಾರ ಜಾರಿ ಜಾರಿ ಬರುತ್ತಿತ್ತು. ಕಟ್ಟುತ್ತಿದ್ದವರ ಕೈಯಿಂದ ದಾರ ತೆಗೆದುಕೊಂಡು ನಾನೇ ಕಟ್ಟಿದೆ. ಅವನನ್ನು ನಾನು ಕ್ಷಮಿಸಿಲ್ಲ. ಆದರೂ ಆ ಕಾಲನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತಿದ್ದೆ.