ಹಣಿಗೆಯ ಆಚೆಗೆ ಹೋದ ಸೀರೆ

ಸುಳ್ಳು ಯಾಕೆ ಹೇಳಲಿ, ಆಕೆಯ ಚಿತ್ರದ ಮುಂದೆ ಜನ ನಿಂತರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಆಕೆ ಮುಧೋಳದಲ್ಲಿ ಹೈಸ್ಕೂಲ್ ಟೀಚರು, ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ನಾನು ಜಮಖಂಡಿಯಲ್ಲಿ ಸಂಸಾರ ಮಾಡಿಕೊಂಡು, ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತು ಇಪ್ಪತ್ತು ವರ್ಷ ಬಣ್ಣ ಕಲಸಿದವಳು. ನಮ್ಮ ಕಡೆಯ ಚಿತ್ರ ಪ್ರದರ್ಶನಗಳಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಹಾಗಾಗಿ ಎಲ್ಲಿ ಹೋದರೂ ನಮ್ಮಿಬ್ಬರ ಚಿತ್ರಗಳನ್ನು ಒಂದೇ ಗೋಡೆಗೆ, ಅಕ್ಕಪಕ್ಕ ತೂಗುಹಾಕುತ್ತಿದ್ದರು.

ಜಮಖಂಡಿಯಲ್ಲಿ, ನನ್ನದೇ ಊರಲ್ಲಿ, ನಮ್ಮ ಓಣಿಯವರೆಲ್ಲ ಬಂದು ನನ್ನ ಚಿತ್ರಕ್ಕೆ 'ಛಲೋ ಐತ್ರಿ' ಎಂದು ಒಂದು ಮಾತು ಒಗೆದು, ಆಕೆಯ ಚಿತ್ರದ ಮುಂದೆ ಹೋಗಿ ನಿಂತರು. ನನ್ನ ನಾದಿನಿಯಂತೂ ಅದರ ಪಕ್ಕ ನಿಂತು ಫೋಟೋ ಬೇರೆ ತೆಗೆಸಿಕೊಂಡಳು. ಮುಧೋಳದಲ್ಲಿ ಆಕೆ ಬೇಟೆ ನಾಯಿಯ ಚಿತ್ರ ಇಟ್ಟಿದ್ದಳು. ಮುಧೋಳದಲ್ಲಿ ನಾಯಿ ಇಟ್ಟರೆ ಜನ ಸೇರದೆ ಏನು ಮಾಡುತ್ತಾರೆ ಎಂದು ಮನೆಗೆ ಬಂದು ಗಂಡನ ಮುಂದೆ ಮೂಗು ಮುರಿದೆ. ಬೀಳಗಿಯಲ್ಲಿ ಒಬ್ಬ ಹಿರಿಯರು ನನಗೆ ಸ್ವಲ್ಪ ಸರಿಯಿರಿ ಎಂದರು. ನಾನು ಆಕೆಯ ಚಿತ್ರಕ್ಕೆ ಅಡ್ಡ ನಿಂತಿದ್ದೆನಂತೆ.

ಅದಕ್ಕಿಂತ ಕಷ್ಟದ್ದೆಂದರೆ ಆಕೆ ಒಳ್ಳೆಯವಳು. ನನ್ನನ್ನು ಅಕ್ಕಾರ ಅನ್ನುತ್ತಿದ್ದಳು, ಡಬ್ಬಿ ಬಿಚ್ಚಿದರೆ ಮೊದಲ ರೊಟ್ಟಿ ನನಗೇ ಕೊಡುತ್ತಿದ್ದಳು. ಜಗಳಕ್ಕೆ ಒಂದು ಕಾರಣವಾದರೂ ಕೊಡಬಾರದೆ ಈ ಪುಣ್ಯಾತ್ಗಿತ್ತಿ ಅನ್ನಿಸುತ್ತಿತ್ತು.

ಹೀಗಿರುವಾಗ ರಬಕವಿಯ ನೇಕಾರರು ಹೊಸದಾಗಿ ಒಂದು ಸಭಾಭವನ ಕಟ್ಟಿಸಿದರು. ಅಲ್ಲಿ ಒಂದು ದಿನದ ಪ್ರದರ್ಶನ, ಒಬ್ಬೊಬ್ಬರದು ಒಂದೇ ಚಿತ್ರ, ವಿಷಯ ಮಗ್ಗ. ಸಂಜೆ ಹಿರಿಯ ನೇಕಾರರು ಕೂತು ಒಂದನ್ನು ಆರಿಸುತ್ತಾರೆ, ಅದು ಭವನದ ಎದುರು ಗೋಡೆಯ ಮೇಲೆ ಕಾಯಂ ಇರುತ್ತದೆ ಎಂದರು. ರಬಕವಿ ನನ್ನ ತವರು. ನಮ್ಮಪ್ಪ ಅಲ್ಲಿಯ ಒಂದು ಓಣಿಯಲ್ಲಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಜೀವಮಾನವೆಲ್ಲ ಸೀರೆ ನೇಯ್ದು ತೀರಿಹೋದವನು. ಅವನು ನೇಯ್ದ ಸೀರೆ ಯಾರ್ಯಾರೋ ಉಟ್ಟು ಹರಿದರು, ಅವನ ಗುರುತು ಅಂತ ಆ ಊರಲ್ಲಿ ಏನೂ ಉಳಿದಿಲ್ಲ. ಆ ಗೋಡೆಯ ಮೇಲೆ ನಮ್ಮಪ್ಪ ಕೂರಬೇಕು ಎಂದು ನಾನು ಹಟ ಹಿಡಿದೆ. ನಾಲ್ಕು ತಿಂಗಳು ಕೂತು ಅವನನ್ನೂ ಅವನ ಮಗ್ಗವನ್ನೂ ಒಂದೊಂದು ಎಳೆ ಬಿಡದೆ ಬರೆದೆ.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಒಂದು ಮದುವೆಗೆಂದು ಮುಧೋಳಕ್ಕೆ ಹೋಗಿದ್ದೆ. ಆಕೆ ಬಿಡದೆ ಮನೆಗೆ ಕರೆದುಕೊಂಡು ಹೋಗಿ ತನ್ನ ಚಿತ್ರ ತೋರಿಸಿದಳು. ಮಗ್ಗದ ಮುಂದೆ ಕೂತ ನಡುವಯಸ್ಸಿನ ಹೆಂಗಸು. ದಣಿದ ಮುಖ, ಆದರೆ ತುಟಿಯಲ್ಲಿ ಯಾವುದೋ ನೆನಪಿನ ನಗು. ಈ ಸಲವೂ ಜನ ಇದರ ಮುಂದೆಯೇ ನಿಲ್ಲುತ್ತಾರೆ ಅಂದುಕೊಂಡೆ. ಆಮೇಲೆ ತಪ್ಪು ಕಂಡಿತು.

ಮಗ್ಗದಲ್ಲಿ ನೇಯ್ದ ಸೀರೆ ನೇಯುವವರ ಹೊಟ್ಟೆಯ ಕಡೆ ಸುತ್ತಿಕೊಳ್ಳುತ್ತ ಬರುತ್ತದೆ. ನೇಯಬೇಕಾದ ಬರೀ ನೂಲು, ಎಳೆ ಬಡಿದು ಕೂಡಿಸುವ ಬಾಚಣಿಗೆಯಂಥ ಹಣಿಗೆಯ ಆಚೆಗೆ ಇರುತ್ತದೆ. ಈಕೆ ಕೆಂಪು ಸೆರಗು ಚೆಂದ ಕಾಣಲಿ ಎಂದು ನೇಯ್ದ ಸೀರೆಯನ್ನೇ ಹಣಿಗೆಯ ಆಚೆಗೆ ಹಾಸಿ, ಬರೀ ನೂಲನ್ನು ಹೆಂಗಸಿನ ಮಡಿಲಿಗೆ ತಂದಿದ್ದಳು. ನೇಕಾರರ ಮನೆಯ ಸಣ್ಣ ಮಗುವೂ ನಗುವಂಥ ತಪ್ಪು.

"ಹೆಂಗೈತ್ರಿ ಅಕ್ಕಾರ? ತಪ್ಪಿದ್ರ ಹೇಳ್ರಿ. ನೀವು ಮಗ್ಗದ ಮನ್ಯಾಗ ಬೆಳದವರು" ಎಂದಳು.

ಛಲೋ ಐತಿ ಎಂದು, ಆಕೆ ಮಾಡಿಕೊಟ್ಟ ಚಹಾ ಕುಡಿದು, ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನಷ್ಟಕ್ಕೇ ನಗು ಬರುತ್ತಿತ್ತು. ಈ ಸಲ ನಿಲ್ಲಲಿ ನೋಡೋಣ ಜನ ಆಕೆಯ ಮುಂದೆ, ಅಂದುಕೊಂಡೆ.

ಪ್ರದರ್ಶನದ ದಿನ ಬೆಳಿಗ್ಗೆಯೇ ಹಿರಿಯ ನೇಕಾರರು ಬಂದರು. ಎಲ್ಲರಿಗಿಂತ ಮುಂದಿದ್ದವರು ನಮ್ಮಪ್ಪನ ಗೆಳೆಯರು, ನಾನು ಚಿಕ್ಕಂದಿನಿಂದ ಕಾಕಾ ಎಂದು ಕರೆದವರು. ನನ್ನ ಚಿತ್ರ ನೋಡಿ, ಹೌದು, ನಿಮ್ಮಪ್ಪನ ಮಗ್ಗನ ಇದು, ಒಂದೆಳಿ ತಪ್ಪಿಲ್ಲ ಎಂದರು. ಅಷ್ಟೇ ಅಂದು ಮುಂದೆ ಹೋದರು. ಮಗ್ಗದ ವಿಷಯ ಹೇಳಿದರು, ಅಪ್ಪನ ಮುಖದ ವಿಷಯ ಎತ್ತಲಿಲ್ಲ. ನನಗೆ ಚುಚ್ಚಿದಂತಾಯಿತು.

ಆಕೆಯ ಚಿತ್ರದ ಮುಂದೆ ಬಂದು ಎಲ್ಲರೂ ನಿಂತರು.

"ಈ ಹೆಣ್ಮಗಳು ನೇಯಾಕತ್ತಾಳೋ, ನೇಯ್ದದ್ದ ಬಿಚ್ಚಾಕತ್ತಾಳೋ?" ಎಂದರು ಕಾಕಾ. ಭವನವೆಲ್ಲ ನಕ್ಕಿತು. ನಾನೂ ಸೆರಗಿನ ಮರೆಯಲ್ಲಿ ನಕ್ಕೆ. ಆಕೆಯ ಮುಖ ಸಪ್ಪಗಾಯಿತು. ತಪ್ಪು ಏನೆಂದು ಕಾಕಾ ಬಿಡಿಸಿ ಹೇಳಿದರು. ಹೇಳುತ್ತ ಹೇಳುತ್ತ ಚಿತ್ರದ ಮುಖವನ್ನೇ ನೋಡುತ್ತ ನಿಂತುಬಿಟ್ಟರು. ಕೊನೆಗೆ, ಮುಖ ಮಾತ್ರ ಖರೆ ಐತವ್ವಾ, ಸಂಜೆಯೊಳಗೆ ತಿದ್ದಿಕೊಟ್ಟರೆ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದರು.

ಆಕೆ ಚೀಲದಿಂದ ಬಣ್ಣ, ಕುಂಚ ತೆಗೆದು ಅಷ್ಟು ಜನರ ನಡುವೆ ಸೀದಾ ನನ್ನ ಹತ್ತಿರ ಬಂದಳು.

"ನನಗ ನೂಲಿನ ಲೆಕ್ಕ ತಿಳಿಯಂಗಿಲ್ರಿ ಅಕ್ಕಾರ. ನೀವ ತಿದ್ದಿಕೊಡ್ರಿ."

ತಲೆನೋವು ಅನ್ನಬಹುದಿತ್ತು. ಆದರೆ ಕಾಕಾ ನೋಡುತ್ತಿದ್ದರು. ಕುಂಚ ತೆಗೆದುಕೊಂಡೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಚಿತ್ರವನ್ನು ಕೆಳಗಿಳಿಸಿಕೊಂಡು ಕೂತೆ. ಬೇಗ ಒಣಗುವ ಬಣ್ಣ, ಎರಡು ತಾಸಿನ ಕೆಲಸ. ನಾಲ್ಕು ಎಳೆ ಸೊಟ್ಟ ಎಳೆದರೆ ಯಾರು ಕೇಳುತ್ತಾರೆ ಎಂದು ಮನಸ್ಸಿಗೆ ಬಂದದ್ದು ಖರೆ. ಎಳೆಯಲು ಕೈ ಬರಲಿಲ್ಲ. ಆಚೆಗಿದ್ದ ಕೆಂಪಿನ ಮೇಲೆ ಬಣ್ಣ ಬಳಿದು ನೂಲು ಹಾಸಿದೆ, ಸೀರೆಯನ್ನು ಹೆಂಗಸಿನ ಮಡಿಲಿಗೆ ತಂದೆ. ಕೆಂಪು ಮಡಿಲಿಗೆ ಬರುತ್ತಿದ್ದಂತೆ ಆ ಮುಖಕ್ಕೆ ಜೀವ ಬಂತು. ನಾನು ನಾಲ್ಕು ತಿಂಗಳು ಮಗ್ಗ ಬರೆದಿದ್ದೆ, ಈಕೆ ಮನುಷ್ಯರನ್ನು ಬರೆದಿದ್ದಳು. ಅದು ತಿಳಿದ ಮೇಲೆ ಹೊಟ್ಟೆಕಿಚ್ಚು ಕಡಿಮೆ ಆಗಬೇಕಿತ್ತು. ಇನ್ನೂ ಹೆಚ್ಚಾಯಿತು.

ಸಂಜೆ ಆಕೆಯ ಚಿತ್ರವನ್ನೇ ಆರಿಸಿದರು. ಆಕೆ ಮೈಕು ಹಿಡಿದು, ಇದರೊಳಗಿನ ಸೀರೆ ಅಕ್ಕಾರು ಬರೆದದ್ದು ಎಂದಳು. ಜನ ನನಗೆ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈ ಮುಗಿದೆ. ಚಿತ್ರದೊಳಗಿನ ಅಪ್ಪ ಬಟ್ಟೆ ಸುತ್ತಿಸಿಕೊಂಡು ನನ್ನ ಕಾಲ ಬಳಿ ಇದ್ದ.

ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೇ ಉಳಿದಾಗ ಆಕೆ ಕೇಳಿದಳು. "ಅವತ್ತ ನಮ್ಮ ಮನ್ಯಾಗ ನಿಮಗ ಕಾಣಸಿತ್ತಲ್ರಿ?"

ಎಲ್ಲಿಂದ ಬಂತೋ ಧೈರ್ಯ. "ಕಾಣಸಿತ್ತು" ಎಂದೆ.

"ನಿಮ್ಮ ಕಣ್ಣು ಒಂದ ಕಡೆ ನಿಂತಬಿಟ್ಟಿದ್ದುವು. ಏನೋ ತಪ್ಪೈತಿ ಅಂತ ತಿಳೀತು, ಏನಂತ ತಿಳೀಲಿಲ್ಲ. ನೀವು ಫೋನ್ ಮಾಡ್ತೀರಿ ಅಂತ ಎರಡು ದಿನ ಕಾದೆನ್ರಿ."

ಇಷ್ಟು ಹೇಳಿ ಆಕೆ ಮುಧೋಳದ ಬಸ್ಸು ಹತ್ತಿದಳು. ಅಂದರೆ ಬೆಳಿಗ್ಗೆ ನನ್ನ ಕೈಗೆ ಕುಂಚ ಕೊಡುವಾಗಲೇ ಆಕೆಗೆ ಎಲ್ಲ ಗೊತ್ತಿತ್ತು. ಅಷ್ಟು ಜನರ ನಡುವೆ, ನನ್ನ ತವರಲ್ಲಿ, ಕಾಕಾನ ಎದುರಿಗೆ ಒಂದು ಮಾತು ಆಡಿದ್ದರೆ ನನ್ನ ಮಾನ ಮೂರಾಬಟ್ಟೆಯಾಗುತ್ತಿತ್ತು. ಆಕೆ ಆಡಲಿಲ್ಲ. ಆಕೆಯ ಚಿತ್ರಗಳಿಗಿಂತ ಈಗ ಅದಕ್ಕೇ ನನ್ನ ಹೊಟ್ಟೆ ಉರಿಯುತ್ತದೆ. ನಾನಾಗಿದ್ದರೆ ಆಡಿಯೇ ಬಿಡುತ್ತಿದ್ದೆ.