ಕತ್ತರಿ ಕಾಣದ ಕಾಮಕಸ್ತೂರಿ

ನಮ್ಮ ಬೀದಿಯ ಕ್ಷೌರಿಕರಿಗೆ ಎಲ್ಲರೂ ಇಟ್ಟ ಹೆಸರು ತಲೆಬಗ್ಗಿಸಿ. ಕುರ್ಚಿಯಲ್ಲಿ ಕೂತವರಿಗೆ ಅವರು ಹೇಳುವುದು ಅದೊಂದೇ ಮಾತು. ಉಳಿದಂತೆ ತುಟಿ ಪಿಟಕ್ಕೆನ್ನುವವರಲ್ಲ. ಬೀದಿಯ ಸುದ್ದಿಯೆಲ್ಲ ಬಂದು ಬೀಳುವ ಅಂಗಡಿಯಲ್ಲಿ ಇಂಥ ಮೌನಿ ಹೇಗೆ ದಿನ ತಳ್ಳುತ್ತಾರೋ ಎಂದು ನಾನೇ ಗೇಲಿ ಮಾಡಿದ್ದಿದೆ. ನನ್ನ ತಲೆಯಲ್ಲಿ ಉಳಿದಿರುವುದು ನಾಲ್ಕೇ ಕೂದಲು. ಆದರೂ ತಪ್ಪದೆ ಹೋಗಿ ಕೂರುತ್ತೇನೆ. ಮನೆಯಲ್ಲಿ ನನ್ನ ತಲೆ ಮುಟ್ಟುವವರು ಯಾರೂ ಇಲ್ಲ.

ಅವರ ಮನೆ ನನ್ನ ಮನೆಯ ಮೇಲಿನ ಮಹಡಿಯಲ್ಲಿದೆ. ಅಲ್ಲಿ ಮಾತಿನ ಪಾಲೆಲ್ಲ ಹೆಂಡತಿಯದಾಗಿತ್ತು. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ತರಕಾರಿಯವನಿಂದ ಹಿಡಿದು ಪಾರಿವಾಳದವರೆಗೆ ಎಲ್ಲರನ್ನೂ ಮಾತಾಡಿಸುತ್ತಿದ್ದರು. ಹೋದ ವರ್ಷ ಕಾಯಿಲೆ ಬಿದ್ದು ಆಕೆ ತೀರಿಕೊಂಡರು. ಆಮೇಲೆ ಮೇಲಿನಿಂದ ಕೇಳಿಸುತ್ತಿದ್ದುದು ಒಂದು ತಟ್ಟೆ ತೊಳೆಯುವ ಸದ್ದು ಮಾತ್ರ.

ಒಂದು ದಿನ ತಲೆಬಗ್ಗಿಸಿ ಎರಡು ಕುಂಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಒಂದರಲ್ಲಿ ಪುದೀನ, ಇನ್ನೊಂದರಲ್ಲಿ ಕಾಮಕಸ್ತೂರಿ. ಮನೆಗೆ ಹೋದರೆ ಯಾವ ವಾಸನೆಯೂ ಇಲ್ಲ, ಒಗ್ಗರಣೆಯದೂ ಇಲ್ಲ, ಸೋಪಿನದೂ ಇಲ್ಲ, ಅದಕ್ಕೇ ತಂದೆ ಎಂದರು. ಅವರ ಬಾಯಿಂದ ಅಷ್ಟುದ್ದದ ಮಾತು ಬಂದದ್ದಕ್ಕೆ ನಾನು ಬೆರಗಾದೆ.

ಗಿಡ ಸಾಕಿ ಗೊತ್ತಿಲ್ಲದ ಮನುಷ್ಯ. ಅಂಗಡಿಯಲ್ಲಿ ಕೂದಲಿಗೆ ನೀರು ಚಿಮುಕಿಸುವ ಬಾಟಲಿಯನ್ನೇ ಮನೆಗೆ ತಂದು, ಬೆಳಿಗ್ಗೆ ಸಂಜೆ ಎಲೆಗಳನ್ನು ನಯವಾಗಿ ಒದ್ದೆ ಮಾಡಿದರು. ಎಲೆ ತೊಳೆದಂತೆ ಹೊಳೆಯುತ್ತಿತ್ತು, ಬುಡದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಎರಡೂ ಸತ್ತವು. ಸಸಿ ಮಾರುವಾಕೆ ಚೆನ್ನಾಗಿ ಬೈದು, ಬುಡಕ್ಕೆ ನೀರು ಹಾಕಬೇಕೆಂದು ಹೇಳಿ, ಇನ್ನೊಂದು ಕಾಮಕಸ್ತೂರಿ ಕೊಟ್ಟಳು.

ಈ ಸಲ ಮಗ್ಗಿನಲ್ಲಿ ಸುರಿದದ್ದೇ ಸುರಿದದ್ದು. ಕುಂಡದಿಂದ ಸೋರಿದ ಕೆಸರುನೀರು ನನ್ನ ಒಗೆದ ಬಟ್ಟೆಯ ಮೇಲೆ ಬಿತ್ತು. ಟೊಂಕ ಕಟ್ಟಿ ಜಗಳಕ್ಕೆಂದೇ ಮೇಲೆ ಹೋದೆ. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇತ್ತು, ಅದಕ್ಕೆ ಎದುರಾಗಿ ಗಿಡ ಇತ್ತು, ಅವರು ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಜಗಳ ಮರೆತು ವಾಪಸು ಬಂದೆ.

ಗಿಡ ಬದುಕಿತು. ಆದರೆ ಕಡ್ಡಿಯಂತೆ ಉದ್ದಕ್ಕೆ ಹೋಗಿ ತುದಿಯಲ್ಲಿ ಹೂ ಬಿಡತೊಡಗಿತು. ಕೆಳಗಿನ ಎಲೆಗಳು ಹಳದಿಯಾದವು. ಸಸಿಯಾಕೆ ತಳ್ಳುಗಾಡಿ ನಿಲ್ಲಿಸಿ ಕತ್ತೆತ್ತಿ ನೋಡಿ, ಕುಡಿ ಕತ್ತರಿಸದಿದ್ದರೆ ಬೀಜಕ್ಕೆ ಹೋಗಿ ಒಣಗುತ್ತದೆ ಎಂದು ಕೂಗಿ ಹೇಳಿದಳು. ಇವರು ತಲೆಯಾಡಿಸಿದರು, ಕತ್ತರಿಸಲಿಲ್ಲ. ಮತ್ತೆ ಹೇಳಿದಳು, ಆಗಲೂ ಇಲ್ಲ. ಗಿಡ ದಿನದಿನಕ್ಕೆ ಸೊರಗಿತು.

ಅಂಗಡಿಯಲ್ಲಿ ಕೂತಾಗ ನಾನು ಸುಮ್ಮನಿರದೆ ಕೆಣಕಿದೆ. ಇಡೀ ಬೀದಿಯ ತಲೆ ಬೋಳಿಸುವವರಿಗೆ ಒಂದು ಗೇಣು ಗಿಡ ಕಂಡರೆ ಭಯವೇ ಎಂದೆ. ಕತ್ತರಿಯ ಸದ್ದು ನಿಂತಿತು. ಕನ್ನಡಿಯಲ್ಲಿ ಅವರ ಮುಖ ಕಂಡಿತು. ಆಡಬಾರದ್ದನ್ನು ಆಡಿದೆನೆಂದು ಆಗಲೇ ಗೊತ್ತಾಯಿತು.

ಅವರು ನನ್ನ ಬೆನ್ನ ಹಿಂದೆ ನಿಂತೇ ಹೇಳಿದರು. ಔಷಧಿಗೆ ಹೆಂಡತಿಯ ಕೂದಲು ಉದುರತೊಡಗಿದಾಗ, ಉದುರುವುದನ್ನು ನೋಡಲಾರೆ, ನೀವೇ ತೆಗೆದುಬಿಡಿ ಎಂದು ಆಕೆಯೇ ಕಿಟಕಿಯ ಪಕ್ಕ ಕೂತರಂತೆ. ಮುಗಿಯುವವರೆಗೂ ಹರಟಿದರಂತೆ. ಮುಗಿದ ಮೇಲೆ ತಲೆಯ ಮೇಲೆ ಕೈಯಾಡಿಸಿ, ಮೊದಲ ಸಲ ಮಾತು ನಿಲ್ಲಿಸಿದರಂತೆ.

"ಒತ್ತಾಗಿ ಬರುತ್ತೆ ಬಿಡು, ಮೊದಲಿಗಿಂತ ಒತ್ತಾಗಿ ಬರುತ್ತೆ ಅಂದೆ. ದಿನಾ ಕೇಳೋಳು, ಬಂತಾ ನೋಡ್ರೀ ಅಂತ. ನಾನು ಕೈಯಿಟ್ಟು ನೋಡಿ, ಬರ್ತಾ ಇದೆ ಅನ್ನೋನು. ಬರಲೇ ಇಲ್ಲ ಸರ್." ಕತ್ತರಿಯನ್ನು ಬಟ್ಟೆಗೆ ಒರೆಸಿದರು. "ಈ ಗಿಡದವಳೂ ಅದೇ ಮಾತು ಹೇಳ್ತಾಳೆ. ಕತ್ತರಿಸಿ ಅಣ್ಣ, ಒತ್ತಾಗಿ ಬರುತ್ತೆ ಅಂತ. ಹೇಗೆ ನಂಬ್ಲಿ?"

ಅವರು ತಲೆ ಬಗ್ಗಿಸಿ ಎಂದರು, ಬಗ್ಗಿಸಿದೆ.

ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಮತ್ತೆ ನೀರು ಸೋರಿತೆಂದು ಮೇಲೆ ಹೋದೆ. ಬಾಗಿಲು ತೆರೆದಿತ್ತು. ಕುಂಡವನ್ನು ಆ ಕುರ್ಚಿಯ ಮೇಲೆ ಇಟ್ಟು, ಅದರ ಸುತ್ತ ಅಂಗಡಿಯ ಬಿಳಿ ಬಟ್ಟೆ ಕಟ್ಟಿದ್ದರು. ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಕುಡಿಗೆ ನೀರು ಚಿಮುಕಿಸಿ, ಎರಡು ಬೆರಳ ನಡುವೆ ಹಿಡಿದು, ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಕತ್ತರಿಸಿದರು. ಕೋಣೆಯ ತುಂಬ ಘಮ್ಮೆಂದಿತು. ಬಟ್ಟೆಯ ಮೇಲೆ ಬಿದ್ದ ಎಲೆಗಳನ್ನೆಲ್ಲ ನನ್ನ ಕೈಗೆ ಕೊಟ್ಟು, ಒಬ್ಬನಿಗೆ ಇಷ್ಟು ಯಾಕೆ ಎಂದರು.

ಆಮೇಲೆ ನಾನು ದಿನವೂ ಮೆಟ್ಟಿಲಲ್ಲಿ ಅವರ ಮುಖ ನೋಡುತ್ತಿದ್ದೆ. ಕೇಳಲು ಧೈರ್ಯ ಸಾಲದು. ಗಿಡವೂ ಕೈಕೊಟ್ಟರೆ ಈ ಮನುಷ್ಯನ ಗತಿಯೇನು ಎಂದು ನನಗೇ ಸಂಕಟ.

ಯಾರನ್ನೂ ಕರೆಯದವರು ಒಂದು ಬೆಳಿಗ್ಗೆ ಬಂದು ನನ್ನ ಬಾಗಿಲು ತಟ್ಟಿದರು. ಮೆಟ್ಟಿಲು ಹತ್ತಿ ಮುಂದೆ ನಡೆದರು, ನಾನು ಹಿಂದೆಯೇ ಹೋದೆ. ಗಿಡ ಇನ್ನೂ ಕುರ್ಚಿಯ ಮೇಲೇ ಇತ್ತು. ಕತ್ತರಿಸಿದ ಪ್ರತಿ ಕಡ್ಡಿಯ ಪಕ್ಕದಲ್ಲೂ ಅಕ್ಕಿಕಾಳಿನಷ್ಟು ಎರಡೆರಡು ಚಿಗುರು. ಅವರು ಅಂಗೈಯನ್ನು ಗಿಡದ ನೆತ್ತಿಯ ಮೇಲೆ ಹಗುರವಾಗಿ ಇಟ್ಟರು.

"ಬಂತು ಕಣೇ," ಎಂದರು.

ಹೇಳಿದ್ದು ನನಗಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತರು. ನನಗೆ ಏನು ಮಾಡಬೇಕೆಂದು ತೋಚದೆ, ಮಗ್ಗಿನಲ್ಲಿ ನೀರು ತಂದು ಗಿಡದ ಬುಡಕ್ಕೆ ಹಾಕಿದೆ.